ಸಾಹೇಬರ ಪಾಸ್‌ವರ್ಡ್ ಯಾರ ಕೈಯಲ್ಲಿದೆ?

2023ರ ಡಿಸೆಂಬರ್ 8ರಂದು ಲೋಕಸಭೆ ಮಹುವಾ ಮೊಯಿತ್ರಾ ಅವರನ್ನು ಉಚ್ಚಾಟಿಸಿತು. ಹಣ ಪಡೆದು ಪ್ರಶ್ನೆ ಕೇಳಿದರು ಎಂಬುದು ಬಿಜೆಪಿ ಸಂಸದ ನಿಶಿಕಾಂತ್ ದುಬೆ ಹೊರಿಸಿದ್ದ ಆರೋಪ. ಮೊಯಿತ್ರಾ ಅದನ್ನು ನಿರಾಕರಿಸಿದರು. ಆದರೆ ಲೋಕಸಭೆ ಪೋರ್ಟಲ್‌ನ ತಮ್ಮ ಲಾಗಿನ್ ಅನ್ನು ಉದ್ಯಮಿ ದರ್ಶನ್ ಹೀರಾನಂದಾನಿ ಅವರಿಗೆ ಕೊಟ್ಟಿದ್ದನ್ನು ಒಪ್ಪಿಕೊಂಡರು. ಪ್ರಶ್ನೆಗಳು ನನ್ನವೇ, ಟೈಪ್ ಮಾಡೋದಕ್ಕಷ್ಟೇ ಕೊಟ್ಟಿದ್ದು, ಒಟಿಪಿ ನನ್ನ ಫೋನಿಗೇ ಬರ್ತಿತ್ತು, ಲಾಗಿನ್ ಯಾರ ಬಳಿ ಇರಬೇಕು ಅನ್ನೋ ನಿಯಮ ಎಲ್ಲಿದೆ ಎಂಬುದು ಅವರ ವಾದವಾಗಿತ್ತು. ಸಂಸದರ ಲಾಗಿನ್ ಅವರವರ ಸಿಬ್ಬಂದಿ ಬಳಿಯೇ ಇರುತ್ತದೆ ಎಂದೂ ಹೇಳಿದರು. 2024ರಲ್ಲಿ ಕೃಷ್ಣನಗರದ ಮತದಾರರು ಅವರನ್ನು ಮತ್ತೆ ಗೆಲ್ಲಿಸಿ ಕಳಿಸಿದರು.

ಆ ರಾಜಕೀಯ ಜಗಳದಲ್ಲಿ ಯಾರು ಸರಿ, ಯಾರು ತಪ್ಪು ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ಇವತ್ತು ನನಗೆ ಬೇಕಿರುವುದು ಆ ಗದ್ದಲದಲ್ಲಿ ಕಳೆದುಹೋದ ಒಂದು ಪ್ರಶ್ನೆ. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಲಾಗಿನ್ ಆಗುವುದು ನಮ್ಮ ಕಚೇರಿಗಳಲ್ಲಿ ಇಷ್ಟೊಂದು ಸಹಜ ಯಾಕಾಯಿತು? ಅದರಿಂದ ಕೊನೆಗೆ ಯಾರ ಕುತ್ತಿಗೆಗೆ ಬರುತ್ತದೆ?

ಪಾಸ್‌ವರ್ಡ್ ಅಂದ ತಕ್ಷಣ ನಮಗೆ ನೆನಪಾಗುವುದು ಬೀಗ. ಕಳ್ಳ ಬರಬಾರದು, ಅಷ್ಟೇ. ಕೆಲಸದ ಜಾಗದಲ್ಲಿ ಅದು ಬೀಗಕ್ಕಿಂತ ಹೆಚ್ಚಾಗಿ ಸಹಿ. ನಿಮ್ಮ ಲಾಗಿನ್‌ನಲ್ಲಿ ಏನೇ ನಡೆದರೂ ದಾಖಲೆಯಲ್ಲಿ ಅದನ್ನು ಮಾಡಿದವರು ನೀವೇ. ಖಾಲಿ ಚೆಕ್‌ಗೆ ಸಹಿ ಹಾಕಿ ಸಹೋದ್ಯೋಗಿ ಕೈಗೆ ಕೊಡದ ಜನ, ಪಾಸ್‌ವರ್ಡನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡುತ್ತಾರೆ.

ಹುಟ್ಟಿದ್ದೇ ಲೆಕ್ಕಕ್ಕಾಗಿ

ಕಂಪ್ಯೂಟರ್ ಪಾಸ್‌ವರ್ಡ್‌ನ ಕತೆ ಶುರುವಾಗುವುದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಫರ್ನಾಂಡೊ ಕೊರ್ಬಾಟೊ ಮತ್ತು ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಕಟ್ಟಿತ್ತು. ಯಾರ ಫೈಲ್ ಯಾವುದು, ಯಾರು ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕಕ್ಕೆ ಒಬ್ಬೊಬ್ಬರಿಗೂ ಒಂದು ಗುಟ್ಟಿನ ಪದ ಕೊಟ್ಟರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕನಿಗೆ ತನ್ನ ಪಾಲಿನ ಸಮಯ ಸಾಲಲಿಲ್ಲ. ಪಾಸ್‌ವರ್ಡ್‌ಗಳಿದ್ದ ಫೈಲನ್ನೇ ಪ್ರಿಂಟ್ ತೆಗೆಸಿಕೊಂಡು, ಬೇರೆಯವರ ಹೆಸರಿನಲ್ಲಿ ಕೂತು ಕೆಲಸ ಮಾಡಿದ. ಅಂದರೆ ಪಾಸ್‌ವರ್ಡ್‌ನ ಮೊದಮೊದಲ ಕಳ್ಳತನದಲ್ಲೇ ಬಯಲಾಗಿದ್ದು ಇದು: ಕೆಲಸ ಒಬ್ಬನದು, ಲೆಕ್ಕ ಇನ್ನೊಬ್ಬನ ಖಾತೆಗೆ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ ಒಂದು ಯೋಜನೆ ನಮ್ಮಲ್ಲೇ ಇದೆ. ಕರ್ನಾಟಕದ 'ಭೂಮಿ'. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಅಧಿಕಾರಿಗಳ ಲಾಗಿನ್‌ಗೆ ಬೆರಳಚ್ಚು ಜೋಡಿಸಿದರು. ಮ್ಯುಟೇಷನ್ ಮಂಜೂರು ಮಾಡಿದ ಅಧಿಕಾರಿ ನಾಳೆ "ಅದು ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಹಾಕಿ ಮಾಡಿದ್ದಾರೆ" ಅಂತ ಜಾರಿಕೊಳ್ಳಬಾರದು ಎಂಬುದೇ ಉದ್ದೇಶ. ಬೆರಳಚ್ಚಿಗೆ ಅದರದೇ ಸಮಸ್ಯೆಯಿದೆ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳು ಬದಲಿಸಲಾಗದು. ಆದರೂ ಮೂಲ ತಿಳಿವಳಿಕೆ ಸರಿಯಾಗಿತ್ತು. ರೈತನ ಜಮೀನಿನ ಖಾತೆ ಬದಲಿಸಿದ ಕೈ ಯಾರದು ಅಂತ ಗೊತ್ತಾಗಲೇಬೇಕು.

ಡೊಂಗಲ್ ಯಾರ ಜೇಬಲ್ಲಿ?

ಈಗ ವಾಸ್ತವಕ್ಕೆ ಬನ್ನಿ. ಸಾಹೇಬರಿಗೆ ಟೈಪಿಂಗ್ ಬರಲ್ಲ, ಅಥವಾ ಪುರುಸೊತ್ತಿಲ್ಲ. ಅವರ ಲಾಗಿನ್ ಹೊರಗುತ್ತಿಗೆ ಆಪರೇಟರ್ ಬಳಿ ಇರುತ್ತದೆ. ಡಿಜಿಟಲ್ ಸಹಿಯ ಡೊಂಗಲ್ ಟೇಬಲ್ ಡ್ರಾಯರ್‌ನಲ್ಲಿ, ಅದರ ಪಿನ್ ಡೊಂಗಲ್‌ಗೇ ಅಂಟಿಸಿದ ಚೀಟಿಯಲ್ಲಿ. ಗ್ರಾಮ ಪಂಚಾಯಿತಿಗಳಲ್ಲಂತೂ ಇದು ನೇರ ರಾಜಕೀಯದ ಪ್ರಶ್ನೆ. ಮೀಸಲಾತಿಯಿಂದ ಅಧ್ಯಕ್ಷೆಯಾದ ಹೆಣ್ಣುಮಗಳ ಡೊಂಗಲ್ ಗಂಡನ ಜೇಬಲ್ಲೋ, ಊರಿನ ಮುಖಂಡನ ಮನೆಯಲ್ಲೋ ಇದ್ದರೆ, ಪಂಚಾಯಿತಿ ಹಣ ಬಿಡುಗಡೆ ಮಾಡುತ್ತಿರುವುದು ಯಾರು? ಸಂವಿಧಾನದ 73ನೇ ತಿದ್ದುಪಡಿ ಅವರಿಗೆ ಕುರ್ಚಿ ಕೊಟ್ಟಿತು. ಪಿನ್ ಅವರ ಕೈಗೆ ಬರುವವರೆಗೆ ಅಧಿಕಾರ ಬರುವುದಿಲ್ಲ. ನಾಳೆ ಆಡಿಟ್ ಆಕ್ಷೇಪಣೆ ಬಂದರೆ ಮಾತ್ರ ನೋಟಿಸ್ ಬರುವುದು ಅವರ ಹೆಸರಿಗೇ.

ಸಾರ್ವಜನಿಕರ ಪಾಲಿಗೆ ಇದರ ಪರಿಣಾಮ ಏನು ಎಂಬುದಕ್ಕೆ 2018ರ ಜನವರಿಯ ಪ್ರಕರಣ ನೆನಪಿಸಿಕೊಳ್ಳಿ. 'ದಿ ಟ್ರಿಬ್ಯೂನ್' ಪತ್ರಿಕೆಯ ವರದಿಗಾರ್ತಿ ರಚನಾ ಖೈರಾ 500 ರೂಪಾಯಿ ಕೊಟ್ಟು ಒಂದು ಲಾಗಿನ್ ಮತ್ತು ಪಾಸ್‌ವರ್ಡ್ ಪಡೆದರು. ಆಧಾರ್ ಸಂಖ್ಯೆ ಹಾಕಿದರೆ ಆ ವ್ಯಕ್ತಿಯ ಹೆಸರು, ವಿಳಾಸ, ಫೋನ್ ನಂಬರ್, ಫೋಟೊ ಸಿಗುತ್ತಿತ್ತು. ಬಯೊಮೆಟ್ರಿಕ್ ಮಾಹಿತಿ ಸುರಕ್ಷಿತವಾಗಿದೆ ಎಂದು ಯುಐಡಿಎಐ ಹೇಳಿತು. ಜೊತೆಗೆ ಅದರ ಅಧಿಕಾರಿ ಕೊಟ್ಟ ದೂರಿನ ಎಫ್ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಸೇರಿತು. ಅಲ್ಲಿ ಯಾರೂ ಯಾವ ಕೋಟೆಯನ್ನೂ ಒಡೆಯಲಿಲ್ಲ. ಕೆಲಸಕ್ಕೆಂದು ಇದ್ದ ಪ್ರವೇಶವೇ ಕೈ ಬದಲಿಸಿ ಮಾರಾಟಕ್ಕೆ ಬಂದಿತ್ತು.

ಮುರಿಯುವ ಮೂರು ದಾರಿ

ಹಾಗಾದರೆ ಗಟ್ಟಿ ಪಾಸ್‌ವರ್ಡ್ ಅಂದರೇನು? ಅದು ಹೇಗೆ ಮುರಿಯುತ್ತದೆ ಅಂತ ಗೊತ್ತಾದರೆ ಉತ್ತರ ತಾನಾಗೇ ಸಿಗುತ್ತದೆ.

ಮೊದಲನೆಯದು ಊಹೆ. ನೆಟ್ಟಗಿರುವ ಯಾವ ಸೈಟೂ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ. ಅದನ್ನು ಬೀಸಿ ಹಿಟ್ಟು ಮಾಡಿ ಇಡುತ್ತದೆ. ಇದಕ್ಕೆ ಹ್ಯಾಷ್ ಅಂತಾರೆ. ಹಿಟ್ಟಿನಿಂದ ಮತ್ತೆ ಅಕ್ಕಿ ಮಾಡಲಾಗದು. ಆದರೆ ಅದೇ ಅಕ್ಕಿಯನ್ನು ಅದೇ ಗಿರಣಿಗೆ ಹಾಕಿದರೆ ಅದೇ ಹಿಟ್ಟು ಬರುತ್ತದೆ. ಹಿಟ್ಟಿನ ಪಟ್ಟಿ ಕದ್ದವನು ತನ್ನ ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಪದಗಳನ್ನು ಒಂದೊಂದಾಗಿ ಬೀಸಿ ಹೋಲಿಸುತ್ತಾ ಹೋಗುತ್ತಾನೆ. ಆರಂಭಿಸುವುದು ಜನ ಹೆಚ್ಚಾಗಿ ಬಳಸುವ ಪದಗಳಿಂದ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿದವು. ಆ ಕಂಪನಿಯಂತೂ ಬೀಸುವ ಗೋಜಿಗೂ ಹೋಗದೆ ಇದ್ದದ್ದು ಇದ್ದ ಹಾಗೇ ಇಟ್ಟಿತ್ತು. ಆ ರಾಶಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಸಿಕ್ಕಿದ್ದು 123456. ಅಂಥ ಪಟ್ಟಿಗಳೇ ಇವತ್ತು ಕಳ್ಳರ ಪಠ್ಯಪುಸ್ತಕ.

ಎರಡನೆಯದು ಮರುಬಳಕೆ. ಇಲ್ಲಿ ಊಹೆಯೇ ಬೇಕಿಲ್ಲ. ಯಾವುದೋ ಶಾಪಿಂಗ್ ಸೈಟಿನಿಂದ ಸೋರಿದ ನಿಮ್ಮ ಪಾಸ್‌ವರ್ಡನ್ನು ಆಫೀಸ್ ಮೇಲ್‌ಗೆ ಹಾಕಿ ನೋಡಿದರಾಯಿತು. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಇಂಧನ ಪೂರೈಕೆ ನಿಲ್ಲಿಸಬೇಕಾಯಿತು. ಬಂಕ್‌ಗಳ ಮುಂದೆ ಕ್ಯೂ ನಿಂತಿತು. ಕಂಪನಿ 75 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕೊಟ್ಟಿತು. ಕಳ್ಳರು ಒಳಬಂದದ್ದು ಬಳಕೆಯಲ್ಲಿಲ್ಲದಿದ್ದರೂ ಮುಚ್ಚದೇ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದು ಸುಲಭದ ಪಾಸ್‌ವರ್ಡ್ ಆಗಿರಲಿಲ್ಲ, ಕ್ಲಿಷ್ಟವಾಗಿಯೇ ಇತ್ತು ಎಂದು ಕಂಪನಿಯ ಮುಖ್ಯಸ್ಥ ಜೋಸೆಫ್ ಬ್ಲೌಂಟ್ ಸೆನೆಟ್ ಮುಂದೆ ಹೇಳಿದರು. ಆದರೆ ಅದೇ ಪಾಸ್‌ವರ್ಡ್ ಸೋರಿಕೆಯಾದ ರಾಶಿಯೊಂದರಲ್ಲಿ ತನಿಖೆಗಾರರಿಗೆ ಸಿಕ್ಕಿತ್ತು. ಲಾಗಿನ್‌ಗೆ ಎರಡನೇ ಹಂತದ ಪರಿಶೀಲನೆ ಇರಲಿಲ್ಲ.

ಮೂರನೆಯದು ಮೋಸ. "ಐಟಿ ವಿಭಾಗದಿಂದ ಮಾತಾಡ್ತಿದ್ದೀವಿ, ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಲಾಗಿನ್ ಆಗಿ" ಅಂತ ಒಂದು ಲಿಂಕ್ ಬರುತ್ತದೆ. ಪುಟ ನೋಡಲು ಆಫೀಸಿನದೇ. ಅಲ್ಲಿ ನೀವೇ ಕೈಯಾರೆ ಟೈಪ್ ಮಾಡಿದ ಮೇಲೆ, ಪಾಸ್‌ವರ್ಡ್ 8 ಅಕ್ಷರದ್ದಾದರೇನು, 80ರದ್ದಾದರೇನು?

ಇದು ಕಂಪನಿಯ ಗೋಳು, ನಮಗೇನು ಅನ್ನಬೇಡಿ. ಬ್ರಿಟನ್ನಿನ ಕೆಎನ್‌ಪಿ ಎಂಬ ಸರಕು ಸಾಗಣೆ ಕಂಪನಿಗೆ 158 ವರ್ಷದ ಇತಿಹಾಸವಿತ್ತು. 2023ರಲ್ಲಿ ರ‍್ಯಾನ್ಸಮ್‌ವೇರ್ ದಾಳಿಯ ನಂತರ ಅದು ಮುಳುಗಿತು. ಒಬ್ಬ ಉದ್ಯೋಗಿಯ ಪಾಸ್‌ವರ್ಡ್ ಊಹಿಸಿ ಕಳ್ಳರು ಒಳಬಂದರೆಂದು ನಂಬಲಾಗಿದೆ. ಸುಮಾರು 700 ಮಂದಿ ಕೆಲಸ ಕಳೆದುಕೊಂಡರು. ಅದು ನಿನ್ನ ಪಾಸ್‌ವರ್ಡ್ ಎಂದು ಆ ಉದ್ಯೋಗಿಗೆ ತಾನು ಹೇಳಿಲ್ಲ ಎಂದು ನಿರ್ದೇಶಕರು ಬಿಬಿಸಿಗೆ ತಿಳಿಸಿದ್ದಾರೆ. ನನಗೆ ಆ ನಿರ್ಧಾರ ಸರಿ ಅನಿಸುತ್ತದೆ. ಒಂದು ಪಾಸ್‌ವರ್ಡ್‌ಗೆ ಇಡೀ ಕಂಪನಿ ಬೀಳುತ್ತದೆ ಅಂದರೆ ಅದು ಒಬ್ಬ ನೌಕರನ ತಪ್ಪಲ್ಲ, ಕಟ್ಟಡವನ್ನೇ ಹಾಗೆ ಕಟ್ಟಲಾಗಿತ್ತು.

ತಿಂಗಳಿಗೊಮ್ಮೆ ಬದಲಿಸುವ ಕಾಟ

ಎಂಜಿನಿಯರಿಂಗ್ ಮುಗಿಸಿ ನಾನು ಕೆಲಕಾಲ ದುಡಿದ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರತಿ 45 ದಿನಕ್ಕೆ ಪಾಸ್‌ವರ್ಡ್ ಬದಲಿಸಬೇಕಿತ್ತು. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಕಡ್ಡಾಯ. ಇಡೀ ಫ್ಲೋರ್ ಕಂಡುಕೊಂಡ ಪರಿಹಾರ ಒಂದೇ: ತಿಂಗಳ ಹೆಸರು, @ ಚಿಹ್ನೆ, ಇಸವಿ. ನಿಯಮ ಪಾಲನೆಯಾಯಿತು. ಸುರಕ್ಷತೆ ದೇವರಿಗೇ ಪ್ರೀತಿ.

ಈ ನಿಯಮಗಳ ಬೇರು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2003ರಲ್ಲಿ ಸಿದ್ಧಪಡಿಸಿದ ದಾಖಲೆಯಲ್ಲಿದೆ. ಅದನ್ನು ಬರೆದ ಬಿಲ್ ಬರ್, ನಿವೃತ್ತಿಯ ನಂತರ 2017ರಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಜೊತೆ ಮಾತಾಡುತ್ತಾ, ಅದರಲ್ಲಿ ಬಹಳಷ್ಟರ ಬಗ್ಗೆ ಈಗ ವಿಷಾದವಿದೆ ಎಂದರು. ಅದೇ ವರ್ಷ ನಿಸ್ಟ್ ತನ್ನ ಸಲಹೆಯನ್ನು ತಿರುಗಿಸಿತು: ಸೋರಿಕೆಯ ಕುರುಹು ಸಿಗದ ಹೊರತು ಬದಲಿಸಲು ಒತ್ತಾಯಿಸಬೇಡಿ, ಚಿಹ್ನೆ ಅಂಕಿಗಳ ಷರತ್ತು ಹಾಕಬೇಡಿ, ಉದ್ದಕ್ಕೆ ಬೆಲೆ ಕೊಡಿ, ಸೋರಿದ ಪದಗಳ ಪಟ್ಟಿಯಲ್ಲಿದ್ದರೆ ತಿರಸ್ಕರಿಸಿ. 2019ರಲ್ಲಿ ಮೈಕ್ರೊಸಾಫ್ಟ್ ಕೂಡ ವಿಂಡೋಸ್‌ನ ತನ್ನ ಶಿಫಾರಸಿನಿಂದ ಅವಧಿ ಮುಗಿಯುವ ನಿಯಮವನ್ನು ಕೈಬಿಟ್ಟಿತು. ನಮ್ಮ ಎಷ್ಟೋ ಕಚೇರಿ, ಬ್ಯಾಂಕುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಉದ್ದಕ್ಕೆ ಯಾಕೆ ಅಷ್ಟು ಬೆಲೆ? ಲೆಕ್ಕ ಸರಳ. ಕೀಬೋರ್ಡಿನ 95 ಗುರುತುಗಳಿಂದ ಮನಬಂದಂತೆ 8 ಆರಿಸಿದರೆ ಸುಮಾರು 66 ಕೋಟಿ ಕೋಟಿ ಸಾಧ್ಯತೆ. ಕೇಳಲು ದೊಡ್ಡದು. ಆದರೆ ಅಂಥದ್ದನ್ನು ನೆನಪಿಡಲು ಮನುಷ್ಯರಿಗೆ ಆಗುವುದಿಲ್ಲ, ಹಾಗಾಗಿ ನಾವು ತಿಂಗಳ ಹೆಸರಿಗೇ ಹೋಗುತ್ತೇವೆ. ಬದಲಿಗೆ 7,776 ಪದಗಳ ಪಟ್ಟಿಯಿಂದ ದಾಳ ಹಾಕಿ 5 ಪದ ಎತ್ತಿಕೊಳ್ಳಿ. ಸಾಧ್ಯತೆಗಳು ಮೊದಲಿನದರ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. 7,776 ಯಾಕೆಂದರೆ ಐದು ಸಲ ದಾಳ ಹಾಕಿದರೆ ಬರುವ ಜೋಡಣೆಗಳು ಅಷ್ಟು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಕೊಟ್ಟ ಈ ವಿಧಾನಕ್ಕೆ ಡೈಸ್‌ವೇರ್ ಎಂದು ಹೆಸರು.

ಕನ್ನಡಿಗರಿಗೆ ಇಲ್ಲಿ ಸ್ವಲ್ಪ ಅನುಕೂಲವಿದೆ. ಮನೆಯಲ್ಲಿರುವ ದಪ್ಪ ಕನ್ನಡ ನಿಘಂಟು ತೆಗೆಯಿರಿ. ಕಣ್ಣುಮುಚ್ಚಿ ಪುಟ ತಿರುಗಿಸಿ, ಬೆರಳಿಟ್ಟಲ್ಲಿ ಸಿಕ್ಕ ಪದ ಬರೆದುಕೊಳ್ಳಿ. ಹೀಗೆ ಐದು ಸಲ. ಗರಗಸ, ಚಪ್ಪರ, ಬಿಕ್ಕಳಿಕೆ, ಲಾಂದ್ರ, ಹುಣಸೆ ಅಂತ ಬಂತೆನ್ನಿ. ಚಪ್ಪರದಡಿ ಲಾಂದ್ರ ಹಿಡಿದು ಹುಣಸೆ ಮರ ಗರಗಸದಲ್ಲಿ ಕೊಯ್ಯುವವನಿಗೆ ಬಿಕ್ಕಳಿಕೆ ಬಂತು ಅಂತ ಒಂದು ಹುಚ್ಚು ಚಿತ್ರ ಕಟ್ಟಿಕೊಂಡರೆ ಮರೆಯಲ್ಲ. ವಾಟ್ಸ್ಆ್ಯಪ್‌ನಲ್ಲಿ ಟೈಪಿಸುವ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಎರಡು ಎಚ್ಚರಿಕೆ: ಪದಗಳನ್ನು ನೀವು ಆರಿಸಬಾರದು, ಆಕಸ್ಮಿಕವಾಗಿಯೇ ಸಿಗಬೇಕು. ಗಾದೆ, ವಚನದ ಸಾಲು, ಸಿನಿಮಾ ಡೈಲಾಗ್, ಮಗಳ ಹೆಸರು, ಮನೆದೇವರು ಬೇಡ. ಅವೆಲ್ಲ ಊಹೆಯ ಪಟ್ಟಿಗೆ ಸುಲಭವಾಗಿ ಸಿಗುವಂಥವು. ಮತ್ತೆ, ಇಲ್ಲಿ ಅಚ್ಚಾದ ಐದು ಪದ ದಯವಿಟ್ಟು ಬಳಸಬೇಡಿ.

ಎಲ್ಲಿಡಬೇಕು?

ಖಾತೆಗೊಂದು ಪಾಸ್‌ವರ್ಡ್ ಅಂದರೆ ಐವತ್ತು ಪಾಸ್‌ವರ್ಡ್. ಅಷ್ಟನ್ನು ತಲೆಯಲ್ಲಿ ಇಟ್ಟುಕೊಳ್ಳಿ ಅಂತ ಹೇಳುವವರು ಸುಳ್ಳು ಹೇಳುತ್ತಿದ್ದಾರೆ. ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಬಿಟ್‌ವಾರ್ಡನ್, ಕೀಪಾಸ್ ಥರದವು ಪುಕ್ಕಟೆ ಸಿಗುತ್ತವೆ. ಉಳಿದದ್ದನ್ನೆಲ್ಲ ಅದೇ ಸೃಷ್ಟಿಸಿ ಇಟ್ಟುಕೊಳ್ಳುತ್ತದೆ. ನೀವು ನೆನಪಿಡಬೇಕಾದದ್ದು ಅದನ್ನು ತೆರೆಯುವ ಐದು ಪದ, ಕಂಪ್ಯೂಟರ್ ತೆರೆಯಲು ಇನ್ನೊಂದು. ಆಫೀಸ್ ಕಂಪ್ಯೂಟರಿನಲ್ಲಿ ಬೇರೆ ಸಾಫ್ಟ್‌ವೇರ್ ಹಾಕಲು ಬಿಡಲ್ಲ ಅಂದರೆ, ಐಟಿ ವಿಭಾಗವೇ ಒಂದನ್ನು ಕೊಡಬೇಕೆಂದು ಕೇಳಿ. ಅಲ್ಲಿವರೆಗೆ ಪರ್ಸಿನಲ್ಲಿ ಮಡಚಿಟ್ಟ ಚೀಟಿ ಪರವಾಗಿಲ್ಲ. ರಷ್ಯಾದಲ್ಲಿ ಕೂತ ಕಳ್ಳ ನಿಮ್ಮ ಪರ್ಸಿಗೆ ಕೈ ಹಾಕಲಾರ. ಆದರೆ ಮಾನಿಟರಿಗೆ ಅಂಟಿಸಿದ ಚೀಟಿಯನ್ನು ಕೌಂಟರಿಗೆ ಬಂದ ಪ್ರತಿಯೊಬ್ಬರೂ ಓದಬಲ್ಲರು. ಹಲವರು ಬಳಸುವ ಕಂಪ್ಯೂಟರಿನಲ್ಲಿ ಬ್ರೌಸರ್ "ಸೇವ್ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ.

ಆಮೇಲೆ ಎರಡನೇ ಹಂತ. ಎಸ್ಎಂಎಸ್ ಒಟಿಪಿ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಫೋನಿನಲ್ಲೇ ಕೋಡ್ ಹುಟ್ಟಿಸುವ ಆಥೆಂಟಿಕೇಟರ್ ಆ್ಯಪ್ ಇನ್ನೂ ವಾಸಿ. ಆದರೆ ನಕಲಿ ಪುಟದಲ್ಲಿ ನೀವು ಒಟಿಪಿ ಹಾಕಿದರೆ ಕಳ್ಳ ಅದನ್ನು ಆ ಕ್ಷಣವೇ ಅಸಲಿ ಪುಟಕ್ಕೆ ದಾಟಿಸಬಲ್ಲ. ಪಾಸ್‌ಕೀ ಅಥವಾ ಸೆಕ್ಯುರಿಟಿ ಕೀ ಈ ಮೋಸಕ್ಕೆ ಬಗ್ಗುವುದಿಲ್ಲ. ಅವು ಸೈಟಿನ ವಿಳಾಸವನ್ನೇ ನೋಡುತ್ತವೆ. ವಿಳಾಸದಲ್ಲಿ ಒಂದಕ್ಷರ ಬೇರೆಯಿದ್ದರೂ ಉತ್ತರ ಕೊಡುವುದಿಲ್ಲ. ನಿಮ್ಮ ಆಫೀಸಿನ ಮೇಲ್‌ನಲ್ಲಿ ಆ ಆಯ್ಕೆ ಇದ್ದರೆ ಇವತ್ತೇ ಹಾಕಿಕೊಳ್ಳಿ.

ಬಾಸ್ ಕೇಳಿದರೆ?

ಇಲ್ಲಿಯವರೆಗಿನದು ತಂತ್ರಜ್ಞಾನ. ನಿಜವಾದ ಕಷ್ಟ ಶುರುವಾಗುವುದು, "ನಾನು ರಜೆಯಲ್ಲಿದ್ದೀನಿ, ನನ್ನ ಲಾಗಿನ್‌ನಲ್ಲಿ ಆ ಫೈಲ್ ಪಾಸ್ ಮಾಡಿಬಿಡಪ್ಪ" ಅಂತ ಸಾಹೇಬರ ಫೋನ್ ಬಂದಾಗ. ಅಥವಾ "ನಿನ್ನ ಪಾಸ್‌ವರ್ಡ್ ಗ್ರೂಪಿಗೆ ಹಾಕು" ಅಂದಾಗ. ಗುತ್ತಿಗೆ ನೌಕರ ಇಲ್ಲ ಅನ್ನೋದು ಹೇಗೆ?

ಬೇಡ ಎನ್ನುವ ಬದಲು ಬೇರೆ ದಾರಿ ಕೇಳಬಹುದು. "ಸರ್, ನನ್ನ ಲಾಗಿನ್‌ಗೇ ಆ ಅಧಿಕಾರ ತಾತ್ಕಾಲಿಕವಾಗಿ ಕೊಡಿಸಿ, ಮಾಡ್ತೀನಿ." ಮಾಡಲೇಬೇಕು ಅಂದರೆ, "ಒಂದು ಮೇಲ್ ಹಾಕಿಬಿಡಿ ಸರ್." ಆ ಒಂದು ಸಾಲು ನಿಮ್ಮ ರಕ್ಷಣೆ. ಐಟಿ ಕಾಯ್ದೆಯ ಸೆಕ್ಷನ್ 66ಸಿ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನೀವು ಹೇಳಿದ್ದನ್ನು ಮಾಡಿದ್ದಿರಬಹುದು. ಆದರೆ ಹೇಳಿದ್ದಕ್ಕೆ ಸಾಕ್ಷಿಯಿಲ್ಲದಿದ್ದರೆ, ಪ್ರಾಮಾಣಿಕತೆ ಸಾಬೀತು ಮಾಡುವ ಹೊರೆ ಬೀಳುವುದು ಕೀಬೋರ್ಡ್ ಮುಂದೆ ಕೂತವರ ಮೇಲೆ.

ಸಂಸ್ಥೆಗಳಿಂದ ಕೇಳಬೇಕಾದದ್ದೂ ಇದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್, ಹೊರಗುತ್ತಿಗೆಯವರಿಗೂ. ಕೆಲಸ ಬಿಟ್ಟವರ ಖಾತೆ ಅದೇ ದಿನ ಬಂದ್. ಯಾವ ಲಾಗಿನ್‌ನಿಂದ ಏನಾಯಿತೆಂಬ ದಾಖಲೆ ಅಳಿಸದಂತೆ ಇರಬೇಕು. ನಕಲಿ ಲಿಂಕ್ ಒತ್ತಿಬಿಟ್ಟೆ ಅಂತ ಬಂದು ಹೇಳಿದವರಿಗೆ ಮೆಮೊ ಕೊಡಬಾರದು. ಭಾರತದ ಸೈಬರ್ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಮೆಮೊಗೆ ಹೆದರಿ ಸಿಬ್ಬಂದಿ ಮೂರು ದಿನ ಬಾಯಿ ಬಿಡದಿದ್ದರೆ ಆ 6 ಗಂಟೆಗೆ ಅರ್ಥವೇನು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣ ಕೊಟ್ಟು ಸರ್ಕಾರಿ ಸಂಸ್ಥೆಗಳನ್ನು ಇದರಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ನಮ್ಮ ಪಹಣಿ, ಪಡಿತರ, ಪಿಂಚಣಿ, ಆಸ್ಪತ್ರೆಯ ವಿವರ ಎಲ್ಲವೂ ಅತಿ ಹೆಚ್ಚು ಇರುವುದು ಸರ್ಕಾರದ ಬಳಿಯೇ. ಡೇಟಾ ಸುರಕ್ಷತೆ ಬಗ್ಗೆ ಮಾತಾಡುವಾಗ ನಾವು ಗೂಗಲ್, ಫೇಸ್‌ಬುಕ್ ಹೆಸರು ಹೇಳಿ ಸುಮ್ಮನಾಗುತ್ತೇವೆ. ತಾಲ್ಲೂಕು ಕಚೇರಿಯ ಲಾಗಿನ್ ಬಗ್ಗೆಯೂ ಕೇಳುವ ಕಾಲ ಬಂದಿದೆ.

ಆ ಪ್ರಶ್ನೆ ಕೇಳುವ ಮೊದಲು ನಿಮ್ಮ ಮನೆಯೊಳಗಿನದು ಸರಿಯಿರಲಿ. ಈ ವಾರ ಮೂರು ಕೆಲಸ ಮಾಡಿ. ಆಫೀಸ್ ಮೇಲ್‌ಗೆ ನಿಘಂಟಿನಿಂದ ಐದು ಪದ ಎತ್ತಿ ಹೊಸ ಪಾಸ್‌ವರ್ಡ್ ಹಾಕಿ. ಎರಡನೇ ಹಂತ ಶುರು ಮಾಡಿ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ 'ಪಾಸ್‌ವರ್ಡ್' ಅಂತ ಹುಡುಕಿ, ಹಿಂದೆ ಯಾರ್ಯಾರಿಗೆ ಏನೇನು ಕಳಿಸಿದ್ದೀರಿ ನೋಡಿ, ಅವೆಲ್ಲವನ್ನೂ ಬದಲಿಸಿ. ನಿಮ್ಮ ತಾಯಿಯೋ ಅಕ್ಕನೋ ಪಂಚಾಯಿತಿ ಸದಸ್ಯೆಯಾಗಿದ್ದರೆ ನಾಲ್ಕನೆಯದೂ ಒಂದಿದೆ. ಡೊಂಗಲ್ ಎಲ್ಲಿದೆ, ಪಿನ್ ಯಾರಿಗೆ ಗೊತ್ತು ಅಂತ ಅವರನ್ನೇ ಕೇಳಿ.